ನೆಲ ಬಿಟ್ಟ ಮನೆಗಳು, ನೆಲ ಬಿಡದ ಮಂಟಪ

ಮನೆಯನ್ನು ಕಟ್ಟುವುದು ಕಷ್ಟಸಾಧ್ಯವಾದ ಕಾರ್ಯವೆಂಬುದು ಸರ್ವವಿದಿತವು. ಕಟ್ಟಿ ನಿಂತ ಮನೆಯನ್ನು ಬೇರೊಂದು ನೆಲಕ್ಕೆ ಒಯ್ದು ನಿಲ್ಲಿಸುವುದು ಅದಕ್ಕಿಂತಲೂ ಕಠಿನತರವಾದುದು. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳ, ಯಶವಂತಪುರಗಳು ನಗರದೊಳಗೆ ಸೇರುವುದಕ್ಕೆ ಮೊದಲು ಹಳ್ಳಿಗಾಡಿನ ಊರುಗಳಾಗಿದ್ದುವು. ಅಂತಹ ಊರುಗಳಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಅದರ ಬಾಗಿಲುವಾಡ ಒಂದು ಕಡೆಗೂ ತೊಲೆಗಳು ಮತ್ತೊಂದು ಕಡೆಗೂ ಮಾರಾಟವಾಗಿ ಹೋಗುವುದು ವಾಡಿಕೆ. ಹಾಗೆ ಹೋದುದು ಮರವೇ ಹೊರತು ಮನೆಯಲ್ಲ. ಮನೆಯೇ ಮನೆಯಾಗಿ ಸ್ಥಳಾಂತರ ಹೊಂದಿದ ನಿದರ್ಶನಗಳೂ ಕನ್ನಡ ನಾಡಿನಲ್ಲಿ ಉಂಟು.

ಇವುಗಳಲ್ಲಿ ಮೊದಲು ಹೇಳತಕ್ಕುದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವು. 2017ರಲ್ಲಿ ಕಾಲವಾದ ವಿಜಯನಾಥ ಶೆಣೈ ಅವರು ಅರಸರಲ್ಲ, ಧನಿಕರೂ ಅಲ್ಲ. ಅಳಿವಿಗೆ ಬಂದ ಮನೆಗಳನ್ನು ಹುಡುಕಿ, ಬಿಚ್ಚಿಸಿ, ತಂದು, ಮಣಿಪಾಲದ ನೆಲದಲ್ಲಿ ಮರಳಿ ನಿಲ್ಲಿಸುವುದನ್ನೇ ಅವರು ವ್ರತವಾಗಿ ಕೈಕೊಂಡರು. ಕುಕನೂರಿನ ಕಮಲಮಹಲು, ಮುಧೋಳದ ಅರಮನೆಯ ದರ್ಬಾರು ಮಂದಿರ, ಕರಾವಳಿಯ ಚೌಕಿಮನೆ ಮುಂತಾದುವು ಹೀಗೆ ಅಲ್ಲಿಗೆ ಬಂದು ನಿಂತಿರುವುವು. ಅವುಗಳ ನಡುವೆ ವೀರಶೈವ ಜಂಗಮ ಮಠವೊಂದೂ ಇರುವುದು. ಜಂಗಮರು ಊರೂರು ಸಂಚರಿಸುವುದು ಸಹಜವು. ಅವರ ಮಠವೇ ಸಂಚಾರ ಹೊರಟುದು ವಿಶೇಷವಲ್ಲವೇ!

ಈ ಕಾರ್ಯವು ಸಾಧ್ಯವಾದುದು ಪೂರ್ವಿಕರ ಬಡಗಿಗಳ ಕೈಗುಣದಿಂದ. ಮರದ ಮನೆಯಲ್ಲಿ ಕಂಬ, ಬೋದಿಗೆ, ತೊಲೆ, ಜಂತೆಗಳು ಒಂದರೊಳಗೊಂದು ಕೂತು, ಮರದ ಬೆಣೆಗಳಿಂದ ಬಿಗಿಗೊಂಡಿರುತ್ತವೆ. ಕೂಡಿಸಿದ ಕ್ರಮಕ್ಕೆ ವಿರುದ್ಧವಾಗಿ, ಮೇಲಿನಿಂದ ಕೆಳಕ್ಕೆ, ಬಿಚ್ಚಿದರೆ ಬಹುಮಟ್ಟಿಗೆ ಮುರಿಯದೆ ಕಳಚಿ ಬರುತ್ತವೆ. ಬಿಚ್ಚುವುದಕ್ಕೆ ಮೊದಲೇ ಅಳತೆಯ ನಕ್ಷೆ ಬರೆದು, ಪ್ರತಿಯೊಂದು ಅಂಗಕ್ಕೂ ಅಂಕೆ ಹಾಕಬೇಕು. ಒಂದು ಅಂಕೆ ತಪ್ಪಿದರೂ ಈ ಕಂಬದ ತಲೆಗೆ ಆ ಬೋದಿಗೆ ಕೂಡದು. ಮಣ್ಣಿನ ಗೋಡೆಯಾದರೋ ಬರುವುದೇ ಇಲ್ಲ. ಅದು ತನ್ನ ನೆಲದಲ್ಲಿಯೇ ಮಣ್ಣಾಗುತ್ತದೆ. ಆದಕಾರಣ ಸ್ಥಳಾಂತರಗೊಂಡ ಮನೆಯಲ್ಲಿ ಮರ ಹಳೆಯದು, ಗೋಡೆ ಹೊಸದು, ತಳಪಾಯವೂ ಹೊಸದು. ಹಾಗಾದರೆ ಬಂದುದು ಏನು? ಅಂಗಗಳು ಒಂದನ್ನೊಂದು ಹಿಡಿದು ನಿಲ್ಲುವ ಕ್ರಮವು ಬಂದಿತೆಂದೇ ಹೇಳಬೇಕು. ಇತ್ತೀಚೆಗೆ ಇಟ್ಟಿಗೆಯ ಮನೆಗಳನ್ನು ಬಿಚ್ಚದೆಯೇ, ಅಡಿಯಲ್ಲಿ ಜಾಕಿಗಳನ್ನಿಟ್ಟು ಎತ್ತಿ, ಉರುಳೆಗಳ ಮೇಲೆ ತಳ್ಳುವವರೂ ಇದ್ದಾರೆ. ಅದು ಕೆಲವು ಅಡಿಗಳ ದೂರಕ್ಕೆ ಒದಗುವ ಉಪಾಯ. ಊರು ದಾಟುವುದಕ್ಕೆ ಒದಗದು.

ಕಲ್ಲಿನ ಕಟ್ಟಡದ ಕಥೆ ಕನ್ನಂಬಾಡಿಯದು. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಪ್ರಾರಂಭವಾಯಿತು. ಹಳೆಯ ಊರು ನೀರಿನ ಪಾಲಾಗಿ, ಜನರು ಹೊಸ ಕನ್ನಂಬಾಡಿಯಲ್ಲಿ ನೆಲೆಸಿದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವು ಮಾತ್ರ ನೀರಿನೊಳಗೇ ನಿಂತು, ಮಳೆ ತಪ್ಪಿದ ವರ್ಷಗಳಲ್ಲಿ ಮೇಲೆದ್ದು ಕಾಣಿಸುತ್ತಿತ್ತು. ಬೆಂಗಳೂರಿನ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳಿಗೆ ಅಂಕೆ ಹಾಕಿ, ಛಾಯಾಚಿತ್ರಗಳನ್ನು ತೆಗೆಸಿ, ಬಿಚ್ಚಿ, ಸುಮಾರು ಒಂದು ಕಿಲೋಮೀಟರು ದೂರದ ಹಿನ್ನೀರ ದಡದಲ್ಲಿ ಪುನಃ ಜೋಡಿಸಿದರು. ಆ ಕೆಲಸವು 2011ರಲ್ಲಿ ಮುಗಿಯಿತು. ಊರು ಹೊರಟು ನೂರು ವರ್ಷಗಳಾಗುವ ಹೊತ್ತಿಗೆ ಗುಡಿಯು ಊರನ್ನು ಹಿಂಬಾಲಿಸಿತು. ಶ್ರೀಶೈಲದ ಜಲಾಶಯದಿಂದ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರಾಲಯವನ್ನು ಆಲಂಪುರಕ್ಕೆ ಸಾಗಿಸಿದುದೂ ಇದೇ ಬಗೆಯಲ್ಲಿ. ಐಗುಪ್ತ ದೇಶದ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ಬಂಡೆಯಿಂದ ಕೊಯ್ದು ಸುಮಾರು 65 ಮೀಟರು ಮೇಲಕ್ಕೆ ಏರಿಸಿದುದು ಲೋಕಪ್ರಸಿದ್ಧವಾದ ಸಂಗತಿ.

ಇಷ್ಟೆಲ್ಲಾ ವಿದ್ಯೆ ತಿಳಿದಿರುವಾಗ ಕೂಡಲಸಂಗಮದಲ್ಲಿ ಬೇರೆಯ ದಾರಿಯನ್ನು ಹಿಡಿದುದೇಕೆಂಬ ಪ್ರಶ್ನೆ ಏಳುವುದು. ಆಲಮಟ್ಟಿಯ ಕಟ್ಟೆಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಹಿನ್ನೀರಿನಿಂದ ಅನೇಕ ಗ್ರಾಮಗಳು ನೆಲೆ ಬಿಟ್ಟುವು. ಬಾಗಲಕೋಟೆಯ ಭಾಗವೊಂದು ಮುಳುಗಿ ನವನಗರವು ಹುಟ್ಟಿತು. ಹುಟ್ಟಿ ಬೆಳೆದ ಮನೆಯನ್ನು ಬಿಟ್ಟು ಹೊರಟ ಆ ಕುಟುಂಬಗಳ ಸಂಕಟವನ್ನು ಯಾವ ನಕ್ಷೆಯೂ ಯಾವ ಅಂಕೆಯೂ ಹೊತ್ತು ತರಲಾರದು. ಕೃಷ್ಣೆ ಮಲಪಹಾರಿಗಳ ಸಂಗಮದಲ್ಲಿರುವ ಬಸವಣ್ಣನವರ ಐಕ್ಯಸ್ಥಳಕ್ಕೂ ನೀರು ಬರುವುದು ನಿಶ್ಚಿತವಾಗಿತ್ತು. ಮಂಟಪದ ಕಲ್ಲುಗಳು ಕೆಲವೇ. ಅವನ್ನು ದಡಕ್ಕೆ ಸಾಗಿಸುವುದು ಕನ್ನಂಬಾಡಿಯಷ್ಟು ಕಷ್ಟವಾಗಿರಲಿಲ್ಲ. ಆದರೆ ಶರಣರಿಗೆ ಪೂಜ್ಯವಾದುದು ಮಂಟಪದ ಕಲ್ಲಲ್ಲ, ಐಕ್ಯವಾದ ನೆಲವು. ಕಲ್ಲು ದಡಕ್ಕೆ ಬಂದರೆ ನೆಲವು ನೀರಿನಲ್ಲಿ ಉಳಿಯುತ್ತಿತ್ತು; ದಡದ ಮಂಟಪವು ನೆನಪಿನ ಗುರುತಾಗುತ್ತಿತ್ತೇ ವಿನಾ ಐಕ್ಯಸ್ಥಳವಾಗುತ್ತಿರಲಿಲ್ಲ. ಅದಕ್ಕಾಗಿ ಮಂಟಪವನ್ನು ಕದಲಿಸದೆ, ಅದರ ಸುತ್ತ ಬಾವಿಯಂತೆ ದುಂಡಗಿನ ಎತ್ತರದ ಗೋಡೆಯನ್ನು ಎಬ್ಬಿಸಿ, ದಡದಿಂದ ಅದಕ್ಕೆ ಸೇತುವೆಯನ್ನು ಕಟ್ಟಿದರು. ನದಿಯ ಆಚೆಗೆ ತಂಗಡಗಿಯಲ್ಲಿ ನೀಲಾಂಬಿಕೆಯವರ ಐಕ್ಯಸ್ಥಳವನ್ನು ಉಳಿಸಿದುದೂ ಹೀಗೆಯೇ.

ಜಲಾಶಯ ತುಂಬಿದ ದಿನಗಳಲ್ಲಿ ಸಂಗಮಕ್ಕೆ ಬರುವ ಭಕ್ತರು ಸೇತುವೆಯ ಮೇಲೆ ನಡೆದು, ಗೋಡೆಯ ಒಳಗಣ ಮೆಟ್ಟಿಲುಗಳನ್ನು ಇಳಿದು, ಹೊರಗಿನ ನೀರಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ ಒಣಗಿದ ನೆಲದ ಮೇಲೆ ನಿಂತು ದರ್ಶನ ಪಡೆಯುವರು.