ಒಂದೇ ಕರ್ನಲ್, ಹಲವು ಪ್ರೊಸೆಸರ್: ಯಂತ್ರಕ್ಕೆ ತಕ್ಕಂತೆ ಲಿನಕ್ಸ್ ತನ್ನನ್ನು ತಿದ್ದಿಕೊಳ್ಳುವ ಬಗೆ

ಹತ್ತು ವರ್ಷಗಳ ಹಿಂದೆ ಕೊಂಡ ಗಣಕಯಂತ್ರಕ್ಕೂ ಕಳೆದ ವಾರ ಮನೆಗೆ ತಂದ ಲ್ಯಾಪ್‌ಟಾಪಿಗೂ ಒಂದೇ ಪೆನ್‌ಡ್ರೈವ್ ಸಿಕ್ಕಿಸಿ ಲಿನಕ್ಸ್ ಚಾಲನೆ ಮಾಡಬಹುದು. ಎರಡರ ಪ್ರೊಸೆಸರುಗಳ ನಡುವೆ ಅಜಗಜಾಂತರ. ಹೊಸದು ಬಲ್ಲ ಅನೇಕ ಆದೇಶಗಳನ್ನು ಹಳೆಯದು ಅರಿಯದು. ಹಳೆಯದರಲ್ಲಿ ಅಡಗಿರುವ ಕೆಲವು ದೋಷಗಳು ಹೊಸದರಲ್ಲಿಲ್ಲ. ಆದರೂ ಪೆನ್‌ಡ್ರೈವಿನಲ್ಲಿರುವ ಕರ್ನಲ್ ಕಡತ ಒಂದೇ. ಬದಲಾವಣೆ ನಡೆಯುವುದು ಆ ಕಡತ ಮೆಮೊರಿಗೆ ಬಂದ ಮೇಲೆ, ಬಳಕೆದಾರರ ಹೆಸರು, ಗುಪ್ತಪದ ಕೇಳುವ ಪರದೆ ಮೂಡುವುದಕ್ಕೂ ಬಹಳ ಮುನ್ನ.

ಕರ್ನಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಮೆಮೊರಿ ಹಂಚುವುದು, ಯಾವ ತಂತ್ರಾಂಶಕ್ಕೆ ಎಷ್ಟು ಹೊತ್ತು ಪ್ರೊಸೆಸರ್ ಬಿಟ್ಟುಕೊಡಬೇಕೆಂದು ನಿರ್ಧರಿಸುವುದು, ಒಂದು ತಂತ್ರಾಂಶದ ಮಾಹಿತಿ ಇನ್ನೊಂದರ ಕೈಗೆ ಸಿಗದಂತೆ ಕಾಯುವುದು ಇದರ ಹೊಣೆ. ಪ್ರೊಸೆಸರಿಗೆ ತಿಳಿಯದ ಆದೇಶವೊಂದನ್ನು ಸಾಮಾನ್ಯ ತಂತ್ರಾಂಶ ಕೊಟ್ಟರೆ ಆ ತಂತ್ರಾಂಶ ಮಾತ್ರ ನಿಂತುಹೋಗುತ್ತದೆ. ಅದೇ ತಪ್ಪನ್ನು ಕರ್ನಲ್ ಮಾಡಿದರೆ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ. ಆದ್ದರಿಂದ ತಾನು ಯಾವ ಯಂತ್ರದ ಮೇಲೆ ಕುಳಿತಿದ್ದೇನೆ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಕರ್ನಲ್.

386ರ ಮೇಲೆ ಹುಟ್ಟಿದ್ದು

ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಕರ್ನಲ್ ಒಂದೇ ಒಂದು ಪ್ರೊಸೆಸರಿಗೆ ಕಟ್ಟುಬಿದ್ದಿತ್ತು. ಅದು ಇಂಟೆಲ್ ಸಂಸ್ಥೆ 1985ರಲ್ಲಿ ಹೊರತಂದಿದ್ದ 386. ಈ ಕರ್ನಲನ್ನು ಬೇರೆ ಯಂತ್ರಗಳಿಗೆ ಒಯ್ಯಲು ಬರುವುದಿಲ್ಲವೆಂದು ಆ ವರ್ಷದ ಆಗಸ್ಟ್ 25ರ ತಮ್ಮ ಪ್ರಕಟಣೆಯಲ್ಲಿ ಅವರೇ ಹೇಳಿಕೊಂಡಿದ್ದರು. ಆ ಮಾತು ನಾಲ್ಕು ವರ್ಷವೂ ನಿಲ್ಲಲಿಲ್ಲ. 1995ರ ಮಾರ್ಚ್‌ನಲ್ಲಿ ಬಂದ 1.2ನೇ ಆವೃತ್ತಿಯ ವೇಳೆಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಪ್ರೊಸೆಸರುಗಳೂ ಲಿನಕ್ಸ್ ಬಳಗಕ್ಕೆ ಸೇರಿದ್ದವು.

ಬೇರೆ ಬೇರೆ ಕುಟುಂಬಗಳ ಪ್ರೊಸೆಸರುಗಳಿಗೆ ಕರ್ನಲನ್ನು ಹೊಂದಿಸುವುದು ಕಷ್ಟದ ಕೆಲಸವಾದರೂ ಅದರ ದಾರಿ ಸ್ಪಷ್ಟ. ಪ್ರತಿ ಕುಟುಂಬಕ್ಕೂ ಪ್ರತ್ಯೇಕ ಭಾಗ ಬರೆದು, ಪ್ರತ್ಯೇಕ ಕಡತ ತಯಾರಿಸಿದರಾಯಿತು. ನಿಜವಾದ ತೊಡಕು ಇರುವುದು ಒಂದೇ ಕುಟುಂಬದೊಳಗೆ. 386, 486, ಪೆಂಟಿಯಂ ಇವೆಲ್ಲವೂ ಒಂದೇ ಭಾಷೆ ಆಡುತ್ತವೆ, ಆದರೆ ಒಂದೊಂದರ ಶಬ್ದಸಂಪತ್ತು ಒಂದೊಂದು ಪ್ರಮಾಣದ್ದು.

386ರಲ್ಲಿ ಒಂದು ಕೊರತೆಯಿತ್ತು. ಮೆಮೊರಿಯ ಒಂದು ಪುಟವನ್ನು ಓದಲಷ್ಟೇ ಅವಕಾಶ, ಬರೆಯಕೂಡದು ಎಂದು ಗುರುತು ಹಾಕಿದ್ದರೂ, ಕರ್ನಲ್ ತಾನೇ ಬರೆಯಹೊರಟಾಗ ಈ ಪ್ರೊಸೆಸರ್ ಅಡ್ಡಿ ಮಾಡುತ್ತಿರಲಿಲ್ಲ. ಇಬ್ಬರು ಹಂಚಿಕೊಂಡಿದ್ದ ಪುಟ ಅವರಿಗೆ ತಿಳಿಯದೆಯೇ ಕೆಡುವ ಅಪಾಯ ಇದರಿಂದ ಇತ್ತು. ಹೀಗಾಗಿ ಬರೆಯುವ ಮುನ್ನ ಪ್ರತಿ ಪುಟವನ್ನೂ ಕರ್ನಲ್ ತಾನೇ ಪರೀಕ್ಷಿಸಬೇಕಾಯಿತು. 486ರಲ್ಲಿ ಈ ಕೊರತೆ ನೀಗಿತು, ಆದರೆ 386 ಬಳಸುವವರು ಇರುವವರೆಗೆ ಪರೀಕ್ಷೆಯನ್ನು ಬಿಡುವಂತಿರಲಿಲ್ಲ. ಲಿನಕ್ಸ್ ಆರಂಭವಾಗುವಾಗ ಪರದೆಯ ಮೇಲೆ ಓಡುವ ಸಾಲುಗಳಲ್ಲಿ ಈ ಗುರುತನ್ನು ಪ್ರೊಸೆಸರ್ ಮಾನ್ಯ ಮಾಡುತ್ತದೆಯೇ ಎಂಬ ತಪಾಸಣೆಯ ಸಾಲೂ ಇರುತ್ತಿದ್ದುದನ್ನು ಹಳೆಯ ಬಳಕೆದಾರರು ಮರೆತಿರಲಾರರು.

ಕೇಳುವುದು, ಆದರೆ ನಂಬಿಬಿಡದಿರುವುದು

ಅಡುಗೆ ಭಟ್ಟರು ಹೊಸ ಛತ್ರಕ್ಕೆ ಕಾಲಿಟ್ಟೊಡನೆ ಒಲೆ ಎಷ್ಟು, ಕೊಪ್ಪರಿಗೆ ಎಷ್ಟು ದೊಡ್ಡದು ಎಂದು ವಿಚಾರಿಸುವಂತೆ ಕರ್ನಲ್ ಕೂಡ ಮೊದಲು ವಿಚಾರಣೆ ನಡೆಸುತ್ತದೆ. 1993ರ ಪೆಂಟಿಯಂನೊಂದಿಗೆ ಬಂದ ‘ಸಿಪಿಯುಐಡಿ’ ಎಂಬ ಆದೇಶ ಇದಕ್ಕೆಂದೇ ಇದೆ. ಇದನ್ನು ಕೊಟ್ಟರೆ ಪ್ರೊಸೆಸರ್ ತನ್ನ ತಯಾರಕರ ಹೆಸರು, ಮಾದರಿ, ತಾನು ಬಲ್ಲ ಸೌಲಭ್ಯಗಳ ಪಟ್ಟಿಯನ್ನು ತಿಳಿಸುತ್ತದೆ. ಇಂದಿನ ಲಿನಕ್ಸ್ ಯಂತ್ರದಲ್ಲಿ ‘ಪ್ರೋಕ್’ ಕಡತಕೋಶದೊಳಗಿನ ‘ಸಿಪಿಯುಇನ್ಫೋ’ ತೆರೆದರೆ ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ಆದರೆ ಪ್ರೊಸೆಸರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಪೆಂಟಿಯಂ ಪ್ರೊ ಪ್ರೊಸೆಸರಿನ ಆರಂಭದ ತಳಿಗಳು ಕರ್ನಲ್ ಪ್ರವೇಶಿಸುವ ವೇಗದ ಆದೇಶವೊಂದು ತಮ್ಮಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದವು; ವಾಸ್ತವದಲ್ಲಿ ಅದನ್ನು ಬಳಸುವಂತಿರಲಿಲ್ಲ. ಲಿನಕ್ಸ್ ಈ ತಳಿಗಳನ್ನು ಗುರುತಿಸಿ, ಆ ಸೌಲಭ್ಯವನ್ನು ಪಟ್ಟಿಯಿಂದ ಅಳಿಸಿಬಿಡುತ್ತದೆ. ಯಾದೃಚ್ಛಿಕ ಸಂಖ್ಯೆ ಕೊಡುವ ಆದೇಶ ಎಎಂಡಿಯ ಕೆಲವು ಹಳೆಯ ಮಾದರಿಗಳಲ್ಲಿ ಯಂತ್ರ ನಿದ್ರಾವಸ್ಥೆಯಿಂದ ಎದ್ದ ಮೇಲೆ ನೆಚ್ಚತಕ್ಕಂತಿರಲಿಲ್ಲ. 2019ರಲ್ಲಿ ಅಂಥ ಮಾದರಿಗಳಲ್ಲಿ ಅದನ್ನೂ ಕರ್ನಲ್ ಮರೆಮಾಡಿತು.

ಕೆಲವೆಡೆ ಲಿನಕ್ಸ್ ಮಾತು ಕೇಳುವುದನ್ನೇ ಬಿಟ್ಟು ಪಂದ್ಯ ಏರ್ಪಡಿಸುತ್ತದೆ. ಹಲವು ಡಿಸ್ಕ್‌ಗಳನ್ನು ಜೋಡಿಸಿ ಮಾಹಿತಿ ರಕ್ಷಿಸುವ ‘ರೇಡ್-6’ ವ್ಯವಸ್ಥೆಗೆ ಬೇಕಾದ ಲೆಕ್ಕಾಚಾರವನ್ನು ಹಲವು ವಿಧಾನಗಳಲ್ಲಿ ಮಾಡಬಹುದು. ಈ ವಿಧಾನಗಳನ್ನು ಒಂದಾದ ಮೇಲೊಂದರಂತೆ ಓಡಿಸಿ, ವೇಗ ಅಳೆದು, ಗೆದ್ದದ್ದನ್ನು ಕರ್ನಲ್ ಆರಿಸಿಕೊಳ್ಳುತ್ತದೆ.

ದೋಷಗಳ ಕಥೆ ಬೇರೆಯೇ. 1997ರಲ್ಲಿ ಬೆಳಕಿಗೆ ಬಂದ ‘ಎಫ್00ಎಫ್’ ದೋಷದಿಂದಾಗಿ ಯಾವುದೇ ಸಾಮಾನ್ಯ ಬಳಕೆದಾರ ನಾಲ್ಕೇ ಬೈಟ್‌ಗಳ ಒಂದು ಆದೇಶ ಕೊಟ್ಟು ಪೆಂಟಿಯಂ ಯಂತ್ರವನ್ನು ಕಲ್ಲಿನಂತೆ ನಿಲ್ಲಿಸಬಹುದಿತ್ತು. ಹಲವರು ಹಂಚಿಕೊಳ್ಳುವ ಸರ್ವರುಗಳಿಗೆ ಇದು ದೊಡ್ಡ ಗಂಡಾಂತರ. ಚಿಪ್ಪನ್ನು ತಿದ್ದಲಾಗದು, ಆದ್ದರಿಂದ ಕರ್ನಲ್ ಅಡ್ಡದಾರಿ ಹಿಡಿಯಿತು. ದೋಷಪೂರಿತ ಪ್ರೊಸೆಸರ್ ಕಂಡಾಗ ಮಾತ್ರ, ಅಡಚಣೆಗಳನ್ನು ನಿರ್ವಹಿಸುವ ಕೋಷ್ಟಕವನ್ನು ಬರೆಯಬಾರದ ಪುಟದಲ್ಲಿಟ್ಟು, ಪ್ರೊಸೆಸರ್ ಬೀಗ ಜಡಿದುಕೊಳ್ಳುವ ಬದಲು ಎಡವಿ ಕರ್ನಲ್ ಕೈಗೆ ಬೀಳುವಂತೆ ಮಾಡಿತು.

ಓಡುವ ಮೊದಲೇ ತಿದ್ದುಪಡಿ

ಯಂತ್ರದ ಗುಣ ತಿಳಿಯಿತು. ಆ ತಿಳಿವಳಿಕೆಯನ್ನು ಬಳಸುವುದು ಹೇಗೆ? ಪ್ರತಿ ಮಾದರಿಗೂ ಬೇರೆ ಕರ್ನಲ್ ಕಟ್ಟುವುದು ಒಂದು ದಾರಿ. ತಮ್ಮ ಯಂತ್ರಕ್ಕೆ ತಾವೇ ಕರ್ನಲ್ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಅದು ಸರಿ. ಕೋಟ್ಯಂತರ ಜನರಿಗೆ ವಿತರಿಸುವ ಸಂಸ್ಥೆಗಳಿಗೆ ಅಲ್ಲ. ಕೆಲಸ ಬಂದಾಗಲೆಲ್ಲ ‘ಈ ಸೌಲಭ್ಯ ಇದೆಯೇ’ ಎಂದು ಪರೀಕ್ಷಿಸುವುದು ಇನ್ನೊಂದು ದಾರಿ. ಆದರೆ ಕರ್ನಲ್‌ನ ಕೆಲವು ಭಾಗಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಓಡುತ್ತವೆ. ಅಲ್ಲಿ ಒಂದು ಸಣ್ಣ ಪ್ರಶ್ನೆಯೂ ದುಬಾರಿ.

ಲಿನಕ್ಸ್ ಹಿಡಿದದ್ದು ಮೂರನೆಯ ದಾರಿ. 2.6ನೇ ಸರಣಿಯಿಂದ, ಅಂದರೆ 2003ರ ಡಿಸೆಂಬರ್‌ನಿಂದ ಎಲ್ಲರ ಬಳಕೆಗೆ ಬಂದ ‘ಆಲ್ಟರ್ನೇಟಿವ್ಸ್’ ವ್ಯವಸ್ಥೆಯಲ್ಲಿ ಕರ್ನಲ್ ಕಡತದೊಳಗೇ ಒಂದು ಕೋಷ್ಟಕವಿರುತ್ತದೆ. ಇಂಥ ಜಾಗದಲ್ಲಿ ಇಂಥ ಆದೇಶವಿದೆ, ಪ್ರೊಸೆಸರಿನಲ್ಲಿ ಇಂಥ ಸೌಲಭ್ಯವಿದ್ದರೆ ಅದನ್ನು ಅಳಿಸಿ ಇದನ್ನು ಬರೆ ಎಂಬುದು ಕೋಷ್ಟಕದ ಒಂದೊಂದು ಸಾಲಿನ ಅರ್ಥ. ಯಂತ್ರ ಏಳುವಾಗ ಕರ್ನಲ್ ಆ ಕೋಷ್ಟಕ ಹಿಡಿದು ಮೆಮೊರಿಯಲ್ಲಿರುವ ತನ್ನದೇ ಆದೇಶಗಳ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಆಮೇಲೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ.

2014ರ ಬ್ರಾಡ್‌ವೆಲ್ ಪೀಳಿಗೆಯ ಇಂಟೆಲ್ ಪ್ರೊಸೆಸರುಗಳಲ್ಲಿ ಬಂದ ‘ಸ್ಮ್ಯಾಪ್’ ಎಂಬ ರಕ್ಷಣೆ ಇದಕ್ಕೆ ಒಳ್ಳೆಯ ನಿದರ್ಶನ. ಬಳಕೆದಾರರ ಮೆಮೊರಿಯನ್ನು ಕರ್ನಲ್ ಅಕಸ್ಮಾತ್ತಾಗಿಯೂ ಮುಟ್ಟದಂತೆ ಇದು ಬೇಲಿ ಹಾಕುತ್ತದೆ. ಬೇಕೆಂದೇ ಮುಟ್ಟಬೇಕಾದಾಗ ಬೇಲಿಯ ಬಾಗಿಲು ತೆರೆಯಲು ಒಂದು ಆದೇಶ, ಮುಚ್ಚಲು ಇನ್ನೊಂದು. ಎರಡೂ ಮೂರು ಮೂರು ಬೈಟ್. ಕರ್ನಲ್ ಕಡತದಲ್ಲಿ ಆ ಜಾಗಗಳಲ್ಲಿ ಏನೂ ಮಾಡದ ಮೂರು ಬೈಟ್‌ಗಳನ್ನು ಬಿಟ್ಟಿರುತ್ತಾರೆ. ಹಳೆಯ ಯಂತ್ರದಲ್ಲಿ ಅವು ಹಾಗೆಯೇ ಉಳಿಯುತ್ತವೆ, ಹೊಸದರಲ್ಲಿ ಬಾಗಿಲಾಗುತ್ತವೆ.

2018ರ ಜನವರಿ

ಈ ವ್ಯವಸ್ಥೆಗೆ ಅಗ್ನಿಪರೀಕ್ಷೆ ಎದುರಾದದ್ದು 2018ರ ಜನವರಿ 3ರಂದು. ಕರ್ನಲ್‌ನ ಗುಟ್ಟಿನ ಮಾಹಿತಿಯನ್ನು ಸಾಮಾನ್ಯ ತಂತ್ರಾಂಶ ಕದ್ದು ಓದಬಹುದಾದ ‘ಮೆಲ್ಟ್‌ಡೌನ್’ ಮತ್ತು ‘ಸ್ಪೆಕ್ಟರ್’ ದೋಷಗಳು ಅಂದು ಬಹಿರಂಗವಾದವು. ಮೆಲ್ಟ್‌ಡೌನ್‌ಗೆ ಮದ್ದು ಮೊದಲೇ ಸಿದ್ಧವಾಗುತ್ತಿತ್ತು. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ರೂಪಿಸಿದ್ದ ಉಪಾಯವೊಂದರ ಆಧಾರದ ಮೇಲೆ, ಸಾಮಾನ್ಯ ತಂತ್ರಾಂಶ ಓಡುವಾಗ ಕರ್ನಲ್‌ನ ಮೆಮೊರಿ ನಕ್ಷೆಯನ್ನೇ ಮರೆಮಾಡುವ ಏರ್ಪಾಡು ಅದು.

ಈ ಮದ್ದಿಗೆ ಬೆಲೆಯಿತ್ತು. ಕರ್ನಲ್ ಒಳಗೆ ಹೋಗಿ ಬರುವಾಗಲೆಲ್ಲ ನಕ್ಷೆ ಬದಲಿಸಬೇಕು, ಬದಲಿಸಿದಾಗಲೆಲ್ಲ ಪ್ರೊಸೆಸರ್ ನೆನಪಿಟ್ಟುಕೊಂಡಿದ್ದ ವಿಳಾಸಗಳು ಅಳಿಸಿಹೋಗುತ್ತವೆ. ನಕ್ಷೆಗಳಿಗೆ ಗುರುತು ಸಂಖ್ಯೆ ಕೊಟ್ಟು ಈ ನಷ್ಟ ತಗ್ಗಿಸುವ ‘ಪಿಸಿಐಡಿ’ ಸೌಲಭ್ಯ ಇಂಟೆಲ್‌ನ 2010ರ ವೆಸ್ಟ್‌ಮಿಯರ್ ಪೀಳಿಗೆಯಿಂದ ಇತ್ತಾದರೂ ಲಿನಕ್ಸ್ ಅದನ್ನು ಬಳಸತೊಡಗಿದ್ದು 2017ರ ನವೆಂಬರ್‌ನ 4.14ನೇ ಆವೃತ್ತಿಯಲ್ಲಿ. ಹೀಗಾಗಿ ಒಂದೇ ತಿದ್ದುಪಡಿ ಮೂರು ರೀತಿಯ ಫಲ ಕೊಟ್ಟಿತು. ಪಿಸಿಐಡಿ ಇದ್ದ ಯಂತ್ರಗಳಿಗೆ ಪೆಟ್ಟು ಹಗುರ, ಇಲ್ಲದ ಹಳೆಯವಕ್ಕೆ ಜೋರು. ಮೆಲ್ಟ್‌ಡೌನ್ ತಟ್ಟದ ಎಎಂಡಿ ಪ್ರೊಸೆಸರುಗಳನ್ನು ಗುರುತಿಸಿ ಕರ್ನಲ್ ಅಲ್ಲಿ ಈ ಮದ್ದನ್ನೇ ಕೊಡಲಿಲ್ಲ. 32 ಬಿಟ್ ಕರ್ನಲ್ ಬಳಸುತ್ತಿದ್ದವರ ಪಾಡು ಇನ್ನೂ ಕೆಟ್ಟದ್ದು. ಅವರಿಗೆ ಈ ರಕ್ಷಣೆ ತಲುಪಿದ್ದು ಅದೇ ವರ್ಷದ ಅಕ್ಟೋಬರ್‌ನ 4.19ನೇ ಆವೃತ್ತಿಯಲ್ಲಿ. ಹಳೆಯ ಯಂತ್ರ ಇಟ್ಟುಕೊಂಡವರೇ ಹೆಚ್ಚು ದಂಡ ತೆತ್ತರು ಎನ್ನದೆ ವಿಧಿಯಿಲ್ಲ.

ಒಂದೇ ಚಿಪ್ಪಿನಲ್ಲಿ ಎರಡು ಜಾತಿ

ಒಂದು ಯಂತ್ರದೊಳಗಿನ ಎಲ್ಲ ಕೋರ್‌ಗಳೂ ಒಂದೇ ಬಗೆಯವು ಎಂಬ ನಂಬಿಕೆಯನ್ನು ಮೊಬೈಲ್ ಫೋನುಗಳು ಸುಳ್ಳಾಗಿಸಿದವು. ಬ್ಯಾಟರಿ ಉಳಿಸಲೆಂದು ಆರ್ಮ್ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಬಲಶಾಲಿ ಕೋರ್‌ಗಳೂ ಮಿತವ್ಯಯದ ಕೋರ್‌ಗಳೂ ಜೊತೆಗಿರುತ್ತವೆ. ಓಡುತ್ತಿರುವ ತಂತ್ರಾಂಶವನ್ನು ಕರ್ನಲ್ ಒಂದರಿಂದ ಇನ್ನೊಂದಕ್ಕೆ ಎತ್ತಿಡುತ್ತಿರುತ್ತದೆ.

2016ರ ಎಕ್ಸಿನೋಸ್ 8890 ಚಿಪ್ಪಿನಲ್ಲಿ ದೊಡ್ಡ ಕೋರ್‌ಗಳ ಕ್ಯಾಶ್ ಸಾಲು 128 ಬೈಟ್, ಸಣ್ಣವುಗಳದ್ದು 64 ಬೈಟ್. ‘ಮೊನೊ’ ಎಂಬ ತಂತ್ರಾಂಶ ದೊಡ್ಡ ಕೋರ್ ಮೇಲೆ ಒಮ್ಮೆ ಅಳತೆ ಕೇಳಿ 128 ಎಂದು ನೆನಪಿಟ್ಟುಕೊಳ್ಳುತ್ತಿತ್ತು. ಅನಂತರ ಸಣ್ಣ ಕೋರಿಗೆ ಸ್ಥಳಾಂತರಗೊಂಡಾಗ ಒಂದು ಸಾಲು ಬಿಟ್ಟು ಒಂದು ಸಾಲನ್ನಷ್ಟೇ ಶುಚಿಗೊಳಿಸುತ್ತಿತ್ತು. ಉಳಿದ ಸಾಲುಗಳಲ್ಲಿ ಹಳಸಿದ ಆದೇಶಗಳು ಕುಳಿತಿದ್ದು, ಕಾರಣವೇ ತಿಳಿಯದಂತೆ ತಂತ್ರಾಂಶ ಕುಸಿಯುತ್ತಿತ್ತು. ಇಂಥ ಚಿಪ್‌ಗಳಲ್ಲಿ ಅಳತೆಯ ಪ್ರಶ್ನೆಯನ್ನು ಲಿನಕ್ಸ್ ಈಗ ನಡುವೆಯೇ ತಡೆದು, ಎಲ್ಲ ಕೋರ್‌ಗಳಿಗೂ ಒಪ್ಪುವ ಉತ್ತರ ಕೊಡುತ್ತದೆ. ಸೌಲಭ್ಯಗಳ ವಿಷಯದಲ್ಲೂ ಸಾಮಾನ್ಯವಾಗಿ ಇದೇ ನೀತಿ: ಎಲ್ಲ ಕೋರ್‌ಗಳಲ್ಲೂ ಇರುವುದನ್ನಷ್ಟೇ ತಂತ್ರಾಂಶಗಳಿಗೆ ತೋರಿಸುವುದು.

ಸಿಂಪ್ಯೂಟರ್‌ನಿಂದ ಶಕ್ತಿಯವರೆಗೆ

ಲಿನಕ್ಸ್‌ನ ಈ ಗುಣದ ಲಾಭ ಬೆಂಗಳೂರಿಗೂ ದಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ರೂಪಿಸಿ 2001ರಲ್ಲಿ ಅನಾವರಣಗೊಳಿಸಿದ ಅಗ್ಗದ ಕೈಗಣಕ ಸಿಂಪ್ಯೂಟರ್ ಓಡುತ್ತಿದ್ದುದು ಲಿನಕ್ಸ್ ಮೇಲೆ. ಅದರೊಳಗಿದ್ದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿಗೆ ದಶಮಾಂಶ ಲೆಕ್ಕದ ಘಟಕವೇ ಇರಲಿಲ್ಲ. ಅಂಥ ಪ್ರೊಸೆಸರುಗಳಿಗಾಗಿ ಲಿನಕ್ಸ್‌ನಲ್ಲಿ ಹಳೆಯದೊಂದು ಯುಕ್ತಿಯಿತ್ತು. ದಶಮಾಂಶದ ಆದೇಶ ಬಂದು ಪ್ರೊಸೆಸರ್ ‘ತಿಳಿಯದು’ ಎಂದು ಕೈಚೆಲ್ಲಿದಾಗ ಕರ್ನಲ್ ಆ ಆದೇಶವನ್ನು ಹಿಡಿದು, ಪೂರ್ಣಾಂಕಗಳ ಲೆಕ್ಕದಿಂದಲೇ ಉತ್ತರ ಕಟ್ಟಿ, ತಂತ್ರಾಂಶಕ್ಕೆ ಏನೂ ಆಗಿಲ್ಲವೆಂಬಂತೆ ಮುಂದೆ ಸಾಗಗೊಡುತ್ತಿತ್ತು. ನಿಧಾನ, ಆದರೆ ಕೆಲಸ ನಿಲ್ಲುತ್ತಿರಲಿಲ್ಲ. 2004ರಲ್ಲಿ ಬಿಇಎಲ್ ತಯಾರಿಕೆಯ ‘ಅಮಿದ’ ಮಾದರಿ ಮಾರುಕಟ್ಟೆಗೆ ಬಂದರೂ ಸಿಂಪ್ಯೂಟರ್ ಹೆಚ್ಚು ದಿನ ಉಳಿಯಲಿಲ್ಲ.

ಇಂದು ಇದೇ ಪ್ರಶ್ನೆ ರಿಸ್ಕ್-5 ಪ್ರೊಸೆಸರುಗಳಲ್ಲಿ ಮತ್ತೆ ಎದ್ದಿದೆ. ಮೆಲ್ಟ್‌ಡೌನ್ ಮದ್ದು ಹೊತ್ತು ಬಂದ 2018ರ ಜನವರಿಯ 4.15ನೇ ಆವೃತ್ತಿಯಲ್ಲೇ ರಿಸ್ಕ್-5 ಕೂಡ ಲಿನಕ್ಸ್‌ಗೆ ಸೇರಿತು. ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರ್ ಮೇಲೆ ಲಿನಕ್ಸ್ ಚಾಲನೆಗೊಂಡದ್ದೂ ಅದೇ ವರ್ಷ. ಈ ವಿನ್ಯಾಸದಲ್ಲಿ ಕೂಡುವ ಕಳೆಯುವ ಮೂಲ ಆದೇಶಗಳು ಮಾತ್ರ ಕಡ್ಡಾಯ. ಗುಣಾಕಾರವೂ ಐಚ್ಛಿಕ, ದಶಮಾಂಶವೂ ಐಚ್ಛಿಕ. ತಯಾರಕರು ಬೇಕಾದುದನ್ನು ಆರಿಸಿ ಚಿಪ್ ಮಾಡಬಹುದು. ಸ್ವಾತಂತ್ರ್ಯವೇನೋ ದೊಡ್ಡದು, ಆದರೆ ಅದರ ಭಾರ ಬೀಳುವುದು ಕರ್ನಲ್ ಮೇಲೆ. ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ತಂತ್ರಾಂಶಗಳು ಕೇಳಿ ತಿಳಿಯಲೆಂದೇ 2023ರ 6.4ನೇ ಆವೃತ್ತಿಯಲ್ಲಿ ಹೊಸ ಕರೆಯೊಂದನ್ನು ಸೇರಿಸಬೇಕಾಯಿತು.

ಕೈಬಿಡುವ ಹೊತ್ತು

ಹೊಂದಿಕೊಳ್ಳುವುದಕ್ಕೂ ಮಿತಿಯುಂಟು. ಹಳೆಯ ಚಿಪ್‌ಗಾಗಿ ಬರೆದ ಪ್ರತಿ ಸಾಲನ್ನೂ ಯಾರಾದರೂ ಪರೀಕ್ಷಿಸುತ್ತಿರಬೇಕು. 2012ರ ಡಿಸೆಂಬರ್‌ನಲ್ಲಿ ಲಿನಕ್ಸ್ ತಾನು ಹುಟ್ಟಿದ 386ನ್ನೇ ಕೈಬಿಡಲು ತೀರ್ಮಾನಿಸಿತು. 2013ರ ಫೆಬ್ರವರಿಯ 3.8ನೇ ಆವೃತ್ತಿ ಆ ಪ್ರೊಸೆಸರ್ ಮೇಲೆ ಓಡಲಿಲ್ಲ. ಇಂಟೆಲ್‌ನ ದುಬಾರಿ ಸರ್ವರ್ ಪ್ರೊಸೆಸರ್ ಇಟೇನಿಯಂಗೆ 2024ರ ಜನವರಿಯ 6.7ನೇ ಆವೃತ್ತಿಯಲ್ಲಿ ಬಾಗಿಲು ಮುಚ್ಚಿತು. ಮೈಕ್ರೋಸಾಫ್ಟ್ ಇನ್ನೂ ಬಿಗಿ. 2021ರಲ್ಲಿ ಬಂದ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಇಂಟೆಲ್‌ನ ಎಂಟನೇ ಪೀಳಿಗೆ ಮತ್ತು ಅದರ ನಂತರದವನ್ನು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು.

ಕೈಬಿಟ್ಟದ್ದು ತಪ್ಪು ತಿಳಿವಳಿಕೆಯಿಂದಾದರೆ? 2012ರ ಉಬುಂಟು 12.10ರಿಂದ, 4 ಗಿಗಾಬೈಟ್ ಮೀರಿದ ಮೆಮೊರಿಗೆ ದಾರಿ ಮಾಡುವ ‘ಪಿಎಇ’ ಸೌಲಭ್ಯ ಇಲ್ಲದ ಪ್ರೊಸೆಸರುಗಳಿಗೆ ಕರ್ನಲ್ ಸಿಗದಾಯಿತು. ಪೆಂಟಿಯಂ ಎಂ ಇದ್ದ ಅನೇಕ ಲ್ಯಾಪ್‌ಟಾಪುಗಳು ಇದರಿಂದ ಹೊರಗುಳಿದವು. ಸೋಜಿಗವೆಂದರೆ ಅವುಗಳಲ್ಲಿ ಆ ಸೌಲಭ್ಯ ಇತ್ತು. ಕೇಳಿದಾಗ ಇದೆಯೆಂದು ಹೇಳುತ್ತಿರಲಿಲ್ಲ ಅಷ್ಟೆ. 2014ರಲ್ಲಿ ಲಿನಕ್ಸ್‌ಗೆ ‘ಫೋರ್ಸ್‌ಪಿಎಇ’ ಎಂಬ ಆಯ್ಕೆ ಸೇರಿತು. ಆರಂಭದ ಸಾಲಿನಲ್ಲಿ ಈ ಒಂದು ಪದ ಸೇರಿಸಿದರೆ ಪ್ರೊಸೆಸರಿನ ಮೌನವನ್ನು ಲೆಕ್ಕಿಸದೆ ಕರ್ನಲ್ ಮುಂದುವರಿಯುತ್ತದೆ. ಆದರೆ ತಯಾರಕರು ಭರವಸೆ ಕೊಡದ ರೀತಿಯಲ್ಲಿ ಯಂತ್ರ ಓಡುತ್ತಿದೆ ಎಂದು ತನ್ನ ದಾಖಲೆಯಲ್ಲಿ ಒಂದು ಗುರುತನ್ನೂ ಹಾಕಿಕೊಳ್ಳುತ್ತದೆ.