ತೊಟ್ಟಿಕ್ಕುವ ನಲ್ಲಿ: ಒಂದು ಬಿಲ್ಲೆಯ ಚರಿತ್ರೆ

ಫ್ಲ್ಯಾಟುಗಳಲ್ಲಿ ವಾಸಿಸುವವರಿಗೆ ಪದೇ ಪದೇ ಎದುರಾಗುವ ದುರಸ್ತಿಯೆಂದರೆ ನಲ್ಲಿಯ ಸೋರಿಕೆ. ಎಷ್ಟು ಬಿಗಿಯಾಗಿ ತಿರುಗಿಸಿದರೂ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಕೊಳಾಯಿ ಕೆಲಸದವರು ಬಂದು ನಲ್ಲಿ ಬಿಚ್ಚಿ, ಕೆಲವೇ ರೂಪಾಯಿ ಬೆಲೆಯ ರಬ್ಬರ್ ಬಿಲ್ಲೆಯೊಂದನ್ನು ಬದಲಾಯಿಸಿದರೆ ಸೋರಿಕೆ ನಿಂತುಹೋಗುತ್ತದೆ. ವಾಷರ್ ಎಂದು ನಾವು ಕರೆಯುವುದು ಇದನ್ನೇ. ಇಷ್ಟು ಬೇಗ ಸವೆಯುವ ವಸ್ತುವನ್ನು ಇಷ್ಟು ಮುಖ್ಯವಾದ ಜಾಗದಲ್ಲಿ ಏಕೆ ಇಟ್ಟಿದ್ದಾರೆ? ಸವೆಯದ ಲೋಹದಿಂದಲೇ ಅದನ್ನು ಮಾಡಬಹುದಿತ್ತಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನಾವು ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ರೋಮನರ ಕಂಚಿನ ನಲ್ಲಿ

ಕೊಳಾಯಿ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ಪ್ಲಂಬಿಂಗ್ ಎಂಬ ಹೆಸರು ಸೀಸದ ಲ್ಯಾಟಿನ್ ಹೆಸರಾದ ಪ್ಲಂಬಮ್‌ನಿಂದ ಬಂದದ್ದು. ರೋಮನರು ಸೀಸದ ತಗಡನ್ನು ಸುತ್ತಿ, ಬೆಸೆದು ಕೊಳವೆ ಮಾಡುತ್ತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದ ಅವಶೇಷಗಳಲ್ಲಿ ಇಂಥ ಕೊಳವೆಗಳೂ ಕಂಚಿನ ನಲ್ಲಿಗಳೂ ದೊರೆತಿವೆ. ಆ ನಲ್ಲಿಯ ರಚನೆ ಸರಳ. ಕೊಳವೆಗೆ ಅಡ್ಡಲಾಗಿ ಒಂದು ಕಂಚಿನ ಬೆಣೆ. ಬೆಣೆಯ ನಡುವೆ ಒಂದು ತೂತು. ತೂತು ಕೊಳವೆಯ ನೇರಕ್ಕೆ ಬಂದಾಗ ನೀರು ಹರಿಯುತ್ತದೆ, ಕಾಲು ಸುತ್ತು ತಿರುಗಿಸಿದರೆ ನಿಲ್ಲುತ್ತದೆ.

ಇದರಲ್ಲಿ ಎರಡು ದೋಷಗಳಿದ್ದವು. ಮೊದಲನೆಯದು, ಲೋಹದ ಮೇಲೆ ಲೋಹ ಉಜ್ಜುತ್ತಿದ್ದುದು. ನೀರಿನೊಡನೆ ಬಂದ ಮರಳಿನ ಕಣ ಬೆಣೆಯನ್ನು ಗೀರಿದರೆ ಸೋರಿಕೆ ಶುರು. ಅದನ್ನು ಸರಿಪಡಿಸಲು ಬೆಣೆಯನ್ನು ಅದರ ಗೂಡಿಗೆ ಹೊಂದುವಂತೆ ಮತ್ತೆ ಅರೆಯಬೇಕು. ಅದು ನುರಿತ ಕಮ್ಮಾರನ ಕೆಲಸ. ಎರಡನೆಯದು, ನೀರು ಥಟ್ಟನೆ ನಿಲ್ಲುತ್ತಿದ್ದುದು. ಓಡುವ ನೀರಿನ ಕಂಬವನ್ನು ಏಕಾಏಕಿ ತಡೆದರೆ ಅದರ ಸಂವೇಗವೆಲ್ಲ ಒತ್ತಡದ ಅಲೆಯಾಗಿ ಹಿಂದಕ್ಕೆ ಧಾವಿಸುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರನ್ನು ಲೋಹದ ಕೊಳವೆಯಲ್ಲಿ ಹೀಗೆ ನಿಲ್ಲಿಸಿದರೆ ಒತ್ತಡ ಕ್ಷಣಕಾಲ ಸುಮಾರು 12 ವಾಯುಭಾರದಷ್ಟು ಏರಬಲ್ಲದು. ರಷ್ಯದ ವಿಜ್ಞಾನಿ ನಿಕೊಲಾಯ್ ಜುಕೋವ್‌ಸ್ಕಿ 1890ರ ದಶಕದ ಕೊನೆಯಲ್ಲಿ ಮಾಸ್ಕೊದಲ್ಲಿ ಪ್ರಯೋಗ ನಡೆಸಿ ಇದರ ಲೆಕ್ಕವನ್ನು ಸ್ಪಷ್ಟಪಡಿಸಿದರು. ನಲ್ಲಿ ಮುಚ್ಚಿದಾಗ ಕೊಳವೆಯಲ್ಲಿ ಕೇಳಿಬರುವ 'ಧಡ್' ಎಂಬ ಸದ್ದು ಇದರದೇ. ಇದಕ್ಕೆ ಜಲಾಘಾತ ಎನ್ನುತ್ತಾರೆ. ಕೀಲುಗಳು ಸಡಿಲಗೊಂಡು ಸೋರಲು ಇದೂ ಒಂದು ಕಾರಣ.

ಹಗಲಿರುಳು ನೀರು, ಹಗಲಿರುಳು ಸೋರಿಕೆ

ಸಣ್ಣಪುಟ್ಟ ಸುಧಾರಣೆಗಳೊಡನೆ ಇದೇ ಬಗೆಯ ನಲ್ಲಿ 19ನೆಯ ಶತಮಾನದವರೆಗೂ ಮುಂದುವರಿಯಿತು. ಆಗ ಇಂಗ್ಲೆಂಡಿನ ನಗರಗಳಿಗೆ ಕಂಪನಿಗಳು ದಿನಕ್ಕೆ ಕೆಲವೇ ಗಂಟೆ ನೀರು ಬಿಡುತ್ತಿದ್ದವು. ಕೊಳವೆಯಲ್ಲಿ ಸದಾ ಒತ್ತಡವಿಲ್ಲದಿದ್ದರಿಂದ ನಲ್ಲಿ ತುಸು ಸೋರಿದರೂ ಹೆಚ್ಚು ನಷ್ಟವಾಗುತ್ತಿರಲಿಲ್ಲ. 1831ರಲ್ಲಿ ಥಾಮಸ್ ಹಾಕ್ಸ್‌ಲೀ ಎಂಬ ತರುಣ ಎಂಜಿನಿಯರ್ ನಾಟಿಂಗ್‌ಹ್ಯಾಮ್ ನಗರದಲ್ಲಿ ಹಗಲಿರುಳೂ ಒತ್ತಡವಿರುವ ನೀರು ಪೂರೈಕೆಯನ್ನು ಸಾಧಿಸಿ ತೋರಿಸಿದರು. ಕೊಳವೆಯೊಳಗೆ ಸದಾ ಒತ್ತಡವಿದ್ದರೆ ಹೊರಗಿನ ಕೊಳೆ ಒಳಕ್ಕೆ ಬರುವುದಿಲ್ಲ ಎಂಬುದು ಇದರ ದೊಡ್ಡ ಲಾಭ.

ಆದರೆ ಇತರ ಕಂಪನಿಗಳು ಹಿಂಜರಿದವು. 24 ಗಂಟೆ ನೀರು ಬಿಟ್ಟರೆ ಸೋರುವ ನಲ್ಲಿಗಳು 24 ಗಂಟೆಯೂ ಸೋರುತ್ತವೆ ಎಂಬುದು ಅವುಗಳ ವಾದ. ಆ ವಾದದಲ್ಲಿ ಹುರುಳಿತ್ತು. ನಿರಂತರ ನೀರು ಬೇಕಾದರೆ ಮೊದಲು ಸೋರದ ನಲ್ಲಿ ಬೇಕಾಗಿತ್ತು.

ತಿರುಪು, ರಬ್ಬರು, ಬಿಲ್ಲೆ

ಉತ್ತರ ಬಂದದ್ದು 1840ರ ದಶಕದಲ್ಲಿ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪಿನ ಎಳೆಗಳಿಗೆ, ಎಂದರೆ ಥ್ರೆಡ್‌ಗಳಿಗೆ, ಏಕರೂಪದ ಅಳತೆಯನ್ನು ಸೂಚಿಸಿದರು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಸೆಕೆಗೆ ಅಂಟಾಗದೆ, ಚಳಿಗೆ ಸೆಟೆಯದೆ ಉಳಿಯುವುದನ್ನು ಕಂಡುಕೊಂಡಿದ್ದರು. 1844ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮ್ ಪಟ್ಟಣದ ಗೆಸ್ಟ್ ಅಂಡ್ ಕ್ರೈಮ್ಸ್ ಎಂಬ ಹಿತ್ತಾಳೆ ಎರಕದ ಸಂಸ್ಥೆ ತಿರುಪಿನ ನಲ್ಲಿಗೆ ಪೇಟೆಂಟ್ ಪಡೆಯಿತು.

ಇದರಲ್ಲಿ ಬೆಣೆಯಿಲ್ಲ. ನೀರಿನ ದಾರಿಯಲ್ಲಿ ಉಂಗುರದಂಥ ಒಂದು ಹಿತ್ತಾಳೆ ಪೀಠವಿದೆ. ಹಿಡಿಯನ್ನು ತಿರುಗಿಸಿದಂತೆ ತಿರುಪಿನ ದಂಡ ನಿಧಾನವಾಗಿ ಕೆಳಗಿಳಿದು ಒಂದು ಮೆತ್ತನೆಯ ಬಿಲ್ಲೆಯನ್ನು ಪೀಠದ ಮೇಲೆ ಒತ್ತುತ್ತದೆ. ನೀರು ಕ್ರಮೇಣ ನಿಲ್ಲುವುದರಿಂದ ಜಲಾಘಾತ ತಗ್ಗುತ್ತದೆ. ಬಿಲ್ಲೆ ಮೆತ್ತಗಿರುವುದರಿಂದ ಪೀಠದ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಕುಳಿತುಕೊಳ್ಳುತ್ತದೆ. ಮೊದಲು ಈ ಬಿಲ್ಲೆಗಳು ಹೆಚ್ಚಾಗಿ ಚರ್ಮದವು. ರಬ್ಬರು ಸಾಮಾನ್ಯವಾದದ್ದು ಕ್ರಮೇಣ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡು ಭಾಗಗಳು ಒಂದನ್ನೊಂದು ಒತ್ತುವಲ್ಲಿ ಸವೆತ ತಪ್ಪದು. ಆದರೆ ಯಾವುದು ಸವೆಯಬೇಕು ಎಂಬುದನ್ನು ನಾವು ಆರಿಸಬಹುದು. ದುಬಾರಿಯಾದ ಹಿತ್ತಾಳೆಯ ಬದಲು ಅಗ್ಗದ ಬಿಲ್ಲೆ ಸವೆಯಲಿ ಎಂದು ಈ ನಲ್ಲಿಯನ್ನು ರೂಪಿಸಲಾಗಿದೆ. ಹೀಗಾಗಿ ಕಮ್ಮಾರನ ಕೆಲಸ ಮನೆಯವರ ಕೈಗೆ ಬಂತು. ನಮ್ಮಲ್ಲಿ ಇಂಥ ನಲ್ಲಿಗಳಿಗೆ ಐ.ಎಸ್. 781 ಎಂಬ ಭಾರತೀಯ ಮಾನಕವಿದೆ. ಅಳತೆ ಏಕರೂಪವಾಗಿರುವುದರಿಂದ ಯಾವ ಅಂಗಡಿಯ ಬಿಲ್ಲೆಯಾದರೂ ಹೊಂದುತ್ತದೆ.

ಬದಲಾಯಿಸುವ ವಿಧಾನ ತಿಳಿದಿರಲಿ. ಸ್ನಾನದ ಮನೆಗೆ ನೀರು ಬರುವ ಕವಾಟವನ್ನು ಮುಚ್ಚಿ, ನಲ್ಲಿಯನ್ನು ತೆರೆದು, ಉಳಿದ ನೀರು ಹರಿದುಹೋಗಲು ಬಿಡಬೇಕು. ಮೇಲಿನ ಭಾಗವನ್ನು ಸ್ಪ್ಯಾನರ್‌ನಿಂದ ಬಿಚ್ಚಿದರೆ ಜಂಪರ್ ಎಂಬ ಪುಟ್ಟ ಕಡ್ಡಿಯ ತುದಿಯಲ್ಲಿ ಬಿಲ್ಲೆ ಕಾಣುತ್ತದೆ. ಜಂಪರ್ ದಂಡದೊಳಗೆ ಸಡಿಲವಾಗಿರುವುದು ದೋಷವಲ್ಲ. ದಂಡ ತಿರುಗಿದರೂ ಬಿಲ್ಲೆ ಪೀಠವನ್ನು ಉಜ್ಜದಿರಲೆಂದೇ ಹಾಗೆ ಮಾಡಿದ್ದಾರೆ. ಹೊಸ ಬಿಲ್ಲೆ ಹಾಕುವ ಮೊದಲು ಪೀಠವನ್ನು ಬೆರಳಿನಿಂದ ಸವರಿ ನೋಡಿ. ಸವೆದ ಬಿಲ್ಲೆಯ ಸಂದಿನಲ್ಲಿ ತಿಂಗಳುಗಟ್ಟಲೆ ನೀರು ನುಗ್ಗಿದರೆ ಹಿತ್ತಾಳೆಯ ಮೇಲೂ ಗೀರು ಬೀಳುತ್ತದೆ; ಆಗ ಹೊಸ ಬಿಲ್ಲೆಯೂ ಬಾಳಿಕೆ ಬಾರದು. ಸೋರುವ ನಲ್ಲಿಯನ್ನು ಬಲವಾಗಿ ತಿರುಗಿಸುತ್ತ ದಿನ ದೂಡಬಾರದು ಎನ್ನುವುದು ಇದಕ್ಕೇ.

ಕಟ್ಟಡದ ಮೇಲಿನ ತೊಟ್ಟಿಯಿಂದ ಕೆಳಗಿಳಿದಂತೆ ಪ್ರತಿ 10 ಮೀಟರಿಗೆ ಸುಮಾರು 1 ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ ಎಂಬುದನ್ನೂ ಗಮನಿಸಬೇಕು. ಒತ್ತಡ ತಗ್ಗಿಸುವ ಕವಾಟವಿಲ್ಲದ ಕಟ್ಟಡದಲ್ಲಿ ಕೆಳಗಿನ ಮಹಡಿಗಳ ನಲ್ಲಿಗಳ ಮೇಲೆ ಬೀಳುವ ಭಾರವೇ ಹೆಚ್ಚು.

ಕಿವಿಗೊಟ್ಟು ಹಿಡಿದ ಸೋರಿಕೆ

ನಲ್ಲಿ ಸುಧಾರಿಸಿದರೆ ಸಾಲದು, ಸೋರಿಕೆ ಎಲ್ಲಿದೆ ಎಂದು ತಿಳಿಯಬೇಕು. 1873ರಲ್ಲಿ ಲಿವರ್‌ಪೂಲ್ ನಗರದ ಎಂಜಿನಿಯರ್ ಜಾರ್ಜ್ ಡೀಕನ್ ಒಂದು ವಿಶೇಷ ಮಾಪಕವನ್ನು ರೂಪಿಸಿದರು. ಅದು ಒಂದು ಬಡಾವಣೆಗೆ ಹರಿಯುವ ನೀರಿನ ಪ್ರಮಾಣವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಎಲ್ಲರೂ ಮಲಗಿರುವ ರಾತ್ರಿಯಲ್ಲಿ ಒಂದೇ ಸಮನೆ ಹರಿಯುವ ನೀರು ಬಹುಮಟ್ಟಿಗೆ ಸೋರಿಕೆಯೇ. ತನಿಖೆಯವರು ಬೀದಿಯ ಕವಾಟಗಳಿಗೆ ಸಲಾಕೆ ತಾಗಿಸಿ ಕಿವಿಗೊಟ್ಟು, ಸದ್ದು ಬಂದ ಮನೆಯ ಕವಾಟವನ್ನು ಮುಚ್ಚಿದಾಗ ಗೆರೆ ಇಳಿದರೆ ಕಳ್ಳ ಸಿಕ್ಕಿದಂತೆ.

ಇದೇ ಪರೀಕ್ಷೆಯನ್ನು ನಮ್ಮ ಮನೆಯಲ್ಲೂ ಮಾಡಬಹುದು. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಮೀಟರಿನ ಅಂಕಿ ಬರೆದಿಟ್ಟು, ಬೆಳಗ್ಗೆ ನೀರು ಬಳಸುವ ಮುನ್ನ ಮತ್ತೆ ನೋಡಬೇಕು. ಸದ್ದಿಲ್ಲದೆ ಸೋರುವುದು ಸಾಮಾನ್ಯವಾಗಿ ಶೌಚದ ಫ್ಲಶ್ ತೊಟ್ಟಿ. ಅದರಲ್ಲಿ ಸ್ವಲ್ಪ ಬಣ್ಣ ಬೆರೆಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಕಾದು ನೋಡಿದರೆ, ಕೆಳಗಿನ ಬೋಗುಣಿಯಲ್ಲಿ ಕಾಣುವ ಬಣ್ಣವೇ ಸಾಕ್ಷಿ ಹೇಳುತ್ತದೆ.

ಸೆಣಬಿನಿಂದ ಟೆಫ್ಲಾನಿಗೆ

ಕೀಲುಗಳ ಸೋರಿಕೆಯ ಕತೆ ಬೇರೆ. ತಿರುಪಿನ ಎಳೆಗಳ ನಡುವೆ ಸೂಕ್ಷ್ಮ ಸಂದು ಉಳಿದೇ ಉಳಿಯುತ್ತದೆ. ಹಿಂದೆ ಅದಕ್ಕೆ ಸೆಣಬಿನ ನಾರು ಸುತ್ತಿ ಸಫೇದಾ ಬಳಿಯುತ್ತಿದ್ದರು. ಸಫೇದಾ ಸೀಸದ ಸಂಯುಕ್ತ, ವಿಷ. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಾಯ್ ಪ್ಲಂಕೆಟ್ ಶೈತ್ಯಕ ಅನಿಲಗಳ ಸಂಶೋಧನೆಯಲ್ಲಿದ್ದಾಗ, ಸಿಲಿಂಡರಿನಿಂದ ಅನಿಲ ಬಾರದ್ದನ್ನು ಕಂಡು ಅದನ್ನು ಕತ್ತರಿಸಿದರು. ಒಳಗೆ ನುಣುಪಾದ ಬಿಳಿಯ ಪುಡಿ ಇತ್ತು. ಅದೇ ಟೆಫ್ಲಾನ್. ಇದರ ತೆಳು ಪಟ್ಟಿ ಎಳೆಗಳ ನಡುವೆ ಹರಡಿ ಸಂದನ್ನು ತುಂಬುತ್ತದೆ. ಎಳೆಯ ತುದಿ ನಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿದರೆ, ಬಿಗಿಯುವಾಗ ಪಟ್ಟಿ ಬಿಚ್ಚಿಕೊಳ್ಳುವುದಿಲ್ಲ.

ನಮ್ಮ 'ಅರ್ಧ ಇಂಚಿನ' ನಲ್ಲಿಯ ಎಳೆಯನ್ನು ಅಳೆದರೆ ಹೊರವ್ಯಾಸ ಸುಮಾರು 21 ಮಿ.ಮೀ. ಬರುತ್ತದೆ, ಅರ್ಧ ಇಂಚಿಗೆ 12.7 ಮಿ.ಮೀ. ಮಾತ್ರ. ಅರ್ಧ ಇಂಚು ಎಂಬುದು ಕೊಳವೆಯ ಒಳದಾರಿಗೆ ಇಟ್ಟ ಹೆಸರು. ಇಂಚಿಗೆ 14 ಎಳೆಗಳಿರುವ ಈ ತಿರುಪಿನ ಆಕಾರ ಇಂದಿಗೂ ವಿಟ್‌ವರ್ತ್ ಅವರದೇ.

ಮತ್ತೆ ಕಾಲು ಸುತ್ತು

ಈಗಿನ ಫ್ಲ್ಯಾಟುಗಳಲ್ಲಿ ಕಾಲು ಸುತ್ತಿಗೆ ನಿಲ್ಲುವ ನಲ್ಲಿಗಳು ಹೆಚ್ಚುತ್ತಿವೆ. ಇವುಗಳೊಳಗೆ ಅತಿ ನುಣುಪಾಗಿ ಉಜ್ಜಿದ ಎರಡು ಪಿಂಗಾಣಿ ತಟ್ಟೆಗಳು ಒಂದರ ಮೇಲೊಂದು ಜಾರುತ್ತವೆ. ಒಂದರ್ಥದಲ್ಲಿ ಇದು ರೋಮನರ ನಲ್ಲಿಯ ಮರಳುವಿಕೆ. ಕಂಚಿನ ಬದಲು ಬಹು ಗಡಸಾದ ಅಲ್ಯುಮಿನ ಬಂದಿದೆ. ಬಾಳಿಕೆ ಹೆಚ್ಚು. ಆದರೆ ಮರಳು ಸಿಕ್ಕಿ ತಟ್ಟೆ ಗೀರಿದರೆ ಬಿಲ್ಲೆ ಬದಲಾಯಿಸಿ ಮುಗಿಸುವಂತಿಲ್ಲ. ಇಡೀ ಕಾರ್ಟ್ರಿಜ್ ಬೇಕು, ಅದೂ ಹಲವು ಬಾರಿ ಅದೇ ತಯಾರಕರದೇ ಆಗಬೇಕು. ಸವೆತವನ್ನು ಅಗ್ಗದ ಭಾಗಕ್ಕೆ ಒಪ್ಪಿಸಿ ದುರಸ್ತಿಯನ್ನು ಎಲ್ಲರ ಕೈಗೆಟುಕಿಸಿದ 1845ರ ಜಾಣತನ ಇಲ್ಲಿ ತುಸು ಹಿಂದೆ ಸರಿದಿದೆ. ಕೊಳ್ಳುವಾಗಲೇ ಬಿಡಿಭಾಗ ಸಿಗುವುದೇ ಎಂದು ವಿಚಾರಿಸುವುದು ಒಳ್ಳೆಯದು.

ಹುಬ್ಬಳ್ಳಿ-ಧಾರವಾಡದ ಪಾಠ

ಇಂಗ್ಲೆಂಡಿನ ಹಳೆಯ ಚರ್ಚೆ ನಮಗೆ ದೂರದ್ದಲ್ಲ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಲಯಗಳಲ್ಲಿ ಕೊಳವೆಗಳನ್ನು ಬದಲಾಯಿಸಿ 24 ಗಂಟೆ ನೀರು ಕೊಡಲು ಆರಂಭಿಸಲಾಯಿತು. ಹುಬ್ಬಳ್ಳಿ-ಧಾರವಾಡದ ಎರಡು ಬಗೆಯ ವಲಯಗಳ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಿನತೆ ಸೂಚಿಸುವ ಬ್ಯಾಕ್ಟೀರಿಯಗಳು ಹೆಚ್ಚು ಸಲ ಕಂಡುಬಂದುದನ್ನು ತೋರಿಸಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನೀರು ನಿಂತಾಗ ಕೊಳವೆಯ ಒತ್ತಡ ಇಳಿಯುತ್ತದೆ. ಆಗ ನೀರು ಹೊರಹೋಗುತ್ತಿದ್ದ ಬಿರುಕೇ ಕೊಳೆ ಒಳಬರುವ ಬಾಗಿಲಾಗುತ್ತದೆ. ಸೋರಿಕೆ ತಡೆಯದೆ ನಿರಂತರ ನೀರಿಲ್ಲ. ನಿರಂತರ ಒತ್ತಡವಿಲ್ಲದೆ ಶುದ್ಧ ನೀರಿನ ಭರವಸೆಯಿಲ್ಲ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ 10 ನಿಮಿಷ ಅಳತೆ ಪಾತ್ರೆ ಇಟ್ಟು, ಸಿಕ್ಕಿದ ನೀರನ್ನು 144ರಿಂದ ಗುಣಿಸಿದರೆ ದಿನದ ನಷ್ಟ ತಿಳಿಯುತ್ತದೆ. 100 ಮಿ.ಲೀ. ಸಿಕ್ಕಿದರೆ ದಿನಕ್ಕೆ 14.4 ಲೀಟರ್, ವರ್ಷಕ್ಕೆ 5,256 ಲೀಟರ್. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪಿನ ನಷ್ಟಗಳನ್ನು ಬಿಟ್ಟರೂ, ಸುಮಾರು 7 ಯೂನಿಟ್ ವಿದ್ಯುತ್ ಬೇಕು. ಇವೆಲ್ಲವನ್ನೂ ಉಳಿಸಲು ಸಾಕಾಗುವುದು ಒಂದು ಬಿಲ್ಲೆ, ಒಂದು ಸ್ಪ್ಯಾನರ್ ಮತ್ತು ಹತ್ತು ನಿಮಿಷದ ಕೆಲಸ.