ಕಿರುಪೆಟ್ಟಿಗೆಯ ಮೊರೆತ

ಕೊಪ್ಪದಿಂದ ಜಯಪುರವನ್ನು ಹಾದು ಕಳಸದ ಕಡೆಗೆ ಸಾಗುವ ಹಾದಿಯಲ್ಲಿ ಬಸರೀಕಟ್ಟೆಯೆಂಬ ಸಣ್ಣ ಪೇಟೆಯೊಂದುಂಟು. ಅದರ ಸುತ್ತಣ ಅಡಕೆ ತೋಟಗಳ ಅಂಚಿನಲ್ಲಿ, ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರದೂರದಲ್ಲಿ ನಿಂತಿರುವ ಹೆಂಚಿನ ಮನೆಗಳಲ್ಲಿ ಶಬ್ದವೆಂಬುದು ಋತುಧರ್ಮಕ್ಕೆ ಅಧೀನವಾದುದು. ಆರಿದ್ರೆ ಹಿಡಿದಲ್ಲಿಂದ ಮಘೆ ಮುಗಿಯುವವರೆಗೆ ಮಾಡಿನ ಮೇಲೆ ಸುರಿಯುವ ಮಳೆಯಲ್ಲಿ ಮನುಷ್ಯರ ಮಾತೇ ಮುಳುಗಿಹೋಗುವಾಗ ಯಂತ್ರದ ಸದ್ದನ್ನು ಕೇಳುವವರಾರು? ಸ್ವಾತಿ ಮಳೆಯೂ ತೀರಿ, ಜೀರುಂಡೆಗಳ ಆರ್ಭಟವೂ ತಗ್ಗಿ, ಚಳಿಯ ಇರುಳುಗಳು ಕಾಲಿಟ್ಟವೆಂದರೆ, ಆಷಾಢದಲ್ಲಿ ಇದ್ದೂ ಇಲ್ಲದಂತಿದ್ದ ಕಂಪ್ಯೂಟರಿನ ಫ್ಯಾನು ಜಗಲಿಯಿಂದ ಅಡುಗೆಮನೆಯವರೆಗೆ ಕೇಳಿಸತೊಡಗುತ್ತದೆ. ಬೆಂಗಳೂರಿನ ಬೀದಿಬದಿಯ ಕೋಣೆಯಲ್ಲಿ ವರ್ಷಾನುಗಟ್ಟಲೆ ಯಾರ ಗಮನಕ್ಕೂ ಬಾರದಿದ್ದ ಅದೇ ಯಂತ್ರವು ಇಲ್ಲಿಗೆ ಬಂದೊಡನೆ ಮನೆಯ ಹಿರಿಯರ ನಿದ್ರೆಗೆ ಸಂಚಕಾರವಾದುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ.

ಆ ಸದ್ದಿನ ಮೂಲವು ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡ್. ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಹೊಣೆ ಹೊತ್ತ ಈ ಹಲಗೆಯು ಮೊದಲಿನಿಂದಲೂ ಇಂತಹ ಗದ್ದಲದ್ದಾಗಿರಲಿಲ್ಲ. 1996ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಕಂಪನಿಯು ಹೊರತಂದ ವೂಡೂ ಕಾರ್ಡು, ಮೂರು ಆಯಾಮಗಳ ಆಟಗಳನ್ನು ಸಾಮಾನ್ಯರ ಮೇಜಿಗೆ ತಂದು ಆ ಕಾಲದ ಅದ್ಭುತವೆನಿಸಿಕೊಂಡಿದ್ದರೂ, ಅದರ ಚಿಪ್‌ಗಳ ಮೇಲೆ ಫ್ಯಾನೂ ಇರಲಿಲ್ಲ, ಶಾಖವನ್ನು ಹರಡುವ ಲೋಹದ ಹೀಟ್‌ಸಿಂಕೂ ಇರಲಿಲ್ಲ. ಮೂರು ವರ್ಷಗಳ ತರುವಾಯ, 1999ರಲ್ಲಿ, ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ 256 ಬಂದಾಗ ಹೀಟ್‌ಸಿಂಕಿನೊಡನೆ ಪುಟ್ಟದೊಂದು ಫ್ಯಾನು ಕೂಡಿಕೊಂಡಿತು. ಚಿಪ್ ಒಂದರೊಳಗಿನ ಟ್ರಾನ್ಸಿಸ್ಟರುಗಳ ಸಂಖ್ಯೆಯೂ ಅವು ಮಿಡಿಯುವ ವೇಗವೂ ಏರಿದಂತೆಲ್ಲ ಉಷ್ಣವೂ ಏರುವುದು ಅನಿವಾರ್ಯವಷ್ಟೆ. ಆ ಉಷ್ಣವನ್ನು ಅಟ್ಟುವುದಕ್ಕೆ ಫ್ಯಾನನ್ನು ಮತ್ತಷ್ಟು ಜೋರಾಗಿ ತಿರುಗಿಸುವುದೊಂದೇ ಆ ದಿನಗಳ ಎಂಜಿನಿಯರುಗಳಿಗೆ ಸುಲಭವಾಗಿ ತೋಚಿದ ಮಾರ್ಗ.

ಈ ಮಾರ್ಗದ ಪರಾಕಾಷ್ಠೆಯು 2003ರಲ್ಲಿ ಪೇಟೆಗೆ ಬಂದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ. ಎರಡು ಕಾರ್ಡುಗಳ ಜಾಗವನ್ನು ಒಂದೇ ಆಕ್ರಮಿಸಿ, ಹೊರಗಿನ ಗಾಳಿಯನ್ನು ಹೀರಿ ಬಿಸಿಯನ್ನು ಹಿಂಬದಿಯಿಂದ ಉಗುಳುವಂತೆ ರಚಿಸಲ್ಪಟ್ಟಿದ್ದ ಆ ಕಾರ್ಡಿನ ಕಿರುಫ್ಯಾನು ಎಬ್ಬಿಸಿದ ಕೀರಲಿಗೆ ಜಗತ್ತಿನ ಗಣಕಾಸಕ್ತರೆಲ್ಲ ‘ಡಸ್ಟ್‌ಬಸ್ಟರ್’ ಎಂದು, ಕೈಯಲ್ಲಿ ಹಿಡಿದು ಧೂಳೆಳೆಯುವ ಯಂತ್ರವೊಂದರ ಹೆಸರನ್ನೇ ಇಟ್ಟರು. ಆಶ್ಚರ್ಯದ ಸಂಗತಿಯೆಂದರೆ, ಆ ಅಪಹಾಸ್ಯವನ್ನು ತಡೆಯಲಾರದೆ ಕಂಪನಿಯವರೇ ತಮ್ಮ ಕಾರ್ಡನ್ನು ಒಣಗಿದೆಲೆ ಊದುವ ಯಂತ್ರವಾಗಿ ಚಿತ್ರಿಸಿ ವಿನೋದದ ವಿಡಿಯೋ ಒಂದನ್ನು ತಯಾರಿಸಿದರು. ತನ್ನ ಸರಕನ್ನು ತಾನೇ ಹಾಸ್ಯಮಾಡಿಕೊಳ್ಳುವಷ್ಟು ಔದಾರ್ಯವುಳ್ಳ ವ್ಯಾಪಾರಿಗಳು ವಿರಳ. ಮರುವರ್ಷ, 2004ರಲ್ಲಿ, ಅದೇ ಕಂಪನಿ ಬೆಂಗಳೂರಿನಲ್ಲಿಯೂ ಕಛೇರಿ ತೆರೆಯಿತು. ಸಾದರ್ ಪತ್ರಪ್ಪ ರಸ್ತೆಯ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿನ, ಇಕ್ಕಟ್ಟಾದ ಅಂಗಡಿಗಳಿಂದ ಇಂತಹ ಕಾರ್ಡುಗಳು ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ರಾತ್ರಿ ಬಸ್ಸುಗಳಲ್ಲಿ ಮಲೆನಾಡಿಗೆ ಬರುವ ಕಾಲವೂ ಸಮೀಪಿಸಿತು.

ದೊಡ್ಡ ಪೆಟ್ಟಿಗೆಯಲ್ಲಿ ಸಹನೀಯವಾಗಿದ್ದ ಈ ಕ್ಲೇಶವು ಸಣ್ಣ ಪೆಟ್ಟಿಗೆಯಲ್ಲಿ ದುಸ್ಸಹವಾದುದು. ತೈವಾನಿನ ವಿಐಎ ಕಂಪನಿಯು 2001ರಲ್ಲಿ ಮಿನಿ-ಐಟಿಎಕ್ಸ್ ಎಂಬ, ಉದ್ದಗಲಗಳೆರಡೂ ಕೇವಲ 17 ಸೆಂಟಿಮೀಟರಿನ ಮದರ್‌ಬೋರ್ಡಿನ ಅಳತೆಯನ್ನು ರೂಪಿಸಿದಾಗ, ಅದರ ಉದ್ದೇಶ ಅಲ್ಪವಿದ್ಯುತ್ತಿನ ಸಾಧುಯಂತ್ರಗಳೇ ಆಗಿದ್ದವು. ಆದರೆ ಮನುಷ್ಯನ ಆಸೆಗೆ ಅಳತೆಯುಂಟೆ? ಆ ಪುಟ್ಟ ಬೋರ್ಡಿನ ಪಕ್ಕದಲ್ಲಿ ಗಜಗಾತ್ರದ ಗ್ರಾಫಿಕ್ಸ್ ಕಾರ್ಡನ್ನು ತುರುಕುವ ಚಪಲವು ಹುಟ್ಟಿ, ಹತ್ತು ಹದಿನೈದು ಲೀಟರು ಗಾತ್ರದ ಕ್ಯಾಬಿನೆಟ್ಟುಗಳು ಬಂದವು. 2020ರ ಮಾರ್ಚ್ ತಿಂಗಳ ಲಾಕ್‌ಡೌನಿನಲ್ಲಿ ಬೆಂಗಳೂರಿನ ಉದ್ಯೋಗಸ್ಥರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹುಟ್ಟೂರುಗಳಿಗೆ ಮರಳಿದಾಗ, ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಸಬಹುದಾದ ಇಂತಹ ಕಿರುಪೆಟ್ಟಿಗೆಗಳೂ ಕೆಲವು ಜೊತೆಗೆ ಬಂದವು. ಅವರಲ್ಲಿ ಮೊಬೈಲಿನ ಸಿಗ್ನಲಿಗಾಗಿ ಗುಡ್ಡ ಹತ್ತಿದವರ ವೃತ್ತಾಂತವನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ; ಇರುಳು ಚಿತ್ರಸಂಕಲನಕ್ಕೋ ಆಟಕ್ಕೋ ಕುಳಿತು ಮನೆಯವರಿಂದ ಬೈಸಿಕೊಂಡವರ ವೃತ್ತಾಂತವನ್ನು ಯಾರೂ ಬರೆಯಲಿಲ್ಲ.

“ಅದೆಂಥದ್ದೋ ಮಾರಾಯ, ಅಡಕೆ ಸುಲಿಯೋ ಮಿಷನ್ ಒಳಗೆ ತಂದಿಟ್ಕೊಂಡಿದ್ಯಾ?” ಎಂದು ನಡುರಾತ್ರಿ ಎದ್ದುಬಂದ ಅಜ್ಜಯ್ಯನ ಪ್ರಶ್ನೆಗೆ ಮೊಮ್ಮಗನು ಮೊದಲು ಕೊಟ್ಟ ಉತ್ತರ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಗೋಡೆಗೆ ಒತ್ತಿ, ಅದರ ಮೇಲೆ ಕಂಬಳಿ ಹೊದಿಸಿದುದು. ಕಾಲುಗಂಟೆಯಲ್ಲಿ ಸದ್ದು ಇಮ್ಮಡಿಸಿತು. ಬಚ್ಚಲೊಲೆಯ ಹೊಗೆಗಂಡಿಯನ್ನು ಮುಚ್ಚಿ ಊದುಗೊಳವೆಯಿಂದ ಊದುತ್ತ ಕುಳಿತವನ ಪಾಡೇ ಇವನದೂ ಆಯಿತು. ಎರಡು ಮೂರು ಫ್ಯಾನುಗಳ ಇಂದಿನ ಕಾರ್ಡುಗಳು ಹಳೆಯ 5800ರಂತೆ ಬಿಸಿಯನ್ನು ನೇರವಾಗಿ ಹೊರಗೆ ಉಗುಳುವುದಿಲ್ಲ. ಪೆಟ್ಟಿಗೆಯ ಒಳಕ್ಕೇ ಚೆಲ್ಲುತ್ತವೆ. ಅದನ್ನು ಹೊರಗೊಯ್ಯಲು ಬೇರೆ ದಾರಿಯಿಲ್ಲದಿದ್ದರೆ, ತಾನು ಚೆಲ್ಲಿದ ಬಿಸಿಯನ್ನೇ ಕಾರ್ಡು ಮರಳಿ ಮರಳಿ ಸೇವಿಸಿ, ಪ್ರತಿ ಸುತ್ತಿಗೂ ಹೆಚ್ಚು ಕಾದು, ಫ್ಯಾನಿಗೆ ಹೆಚ್ಚಿನ ವೇಗವನ್ನು ಆಜ್ಞಾಪಿಸುತ್ತದೆ. ಸದ್ದನ್ನು ಅಡಗಿಸಲು ಹೊರಟವರು ಮೊದಲು ಗಾಳಿಯ ದಾರಿಯನ್ನು ಬಿಡಿಸಿಕೊಡಬೇಕೆಂಬ ಈ ತತ್ತ್ವವನ್ನು ಕಲಿಯಲು ಕಂಪನಿಗಳಿಗೇ ವರ್ಷಗಳು ಹಿಡಿದಿರುವಾಗ ಆ ಹುಡುಗನನ್ನು ಹಳಿದು ಫಲವಿಲ್ಲ.

ಕಲಿತ ಪಾಠದಲ್ಲಿ ಮುಖ್ಯವಾದುದು ಫ್ಯಾನಿನ ಗಣಿತ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ದಬ್ಬುವ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ಲಿನಷ್ಟು ಕುಸಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧಕ್ಕರ್ಧ ಕಡಿಮೆಯಾದಂತೆ ತೋರುವುದರಿಂದ ಇದು ಅಲ್ಪಲಾಭವಲ್ಲ. ಕಳೆದುಕೊಂಡ ಗಾಳಿಯನ್ನು ರೆಕ್ಕೆಗಳ ಅಗಲದಿಂದ ತುಂಬಿಕೊಳ್ಳಬಹುದು. ಆದುದರಿಂದಲೇ ಈ ಶತಮಾನದ ಮೊದಲ ದಶಕದಲ್ಲಿ ಕೊರಿಯಾದ ಝಾಲ್ಮನ್ ಕಂಪನಿಯವರು ತಾಮ್ರದ ತೆಳುರೆಕ್ಕೆಗಳನ್ನು ವರ್ತುಲಾಕಾರವಾಗಿ ಹರಡಿ ನಡುವೆ ನಿಧಾನಗತಿಯ ಫ್ಯಾನನ್ನಿಟ್ಟು ಮಾರಿದರು. 2005ರಲ್ಲಿ ಆರಂಭವಾದ ಆಸ್ಟ್ರಿಯಾದ ನಾಕ್ಟುವಾದ ಕಂದುಬಣ್ಣದ ಫ್ಯಾನುಗಳು, ರೂಪದಲ್ಲಿ ಯಾರ ಮನಸ್ಸನ್ನೂ ಸೆಳೆಯದಿದ್ದರೂ, ಮೌನಪ್ರಿಯರ ಮನೆಗಳನ್ನು ಹೊಕ್ಕವು. ಚಿಪ್‌ನಿಂದ ದೂರದ ರೆಕ್ಕೆಗಳಿಗೆ ಉಷ್ಣವನ್ನು ಒಯ್ಯುವ ಹೀಟ್‌ಪೈಪಿನ ಕಥೆ ಇನ್ನೂ ಹಳೆಯದು: ಗಾಗ್ಲರ್ ಎಂಬಾತನು ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಇದರ ಪೇಟೆಂಟ್ ಪಡೆದಿದ್ದರೂ, 1963ರಲ್ಲಿ ಲಾಸ್ ಅಲಾಮೋಸಿನ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ನಿರ್ಮಿಸಿ ತೋರಿಸಿದ. ಮುಚ್ಚಿದ ತಾಮ್ರದ ಕೊಳವೆಯೊಳಗಿನ ಹನಿ ದ್ರವವು ಬಿಸಿಯ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗಿ, ಒಳಮೈಯ ಸೂಕ್ಷ್ಮರಂಧ್ರಗಳ ಮೂಲಕ ಮರಳಿ ಹರಿಯುತ್ತದೆ. ಅದಕ್ಕೆ ಮೋಟಾರೂ ಬೇಡ, ಸದ್ದೂ ಇಲ್ಲ.

ಎಲ್ಲರೂ ಒಂದೇ ಸಮನೆ ಕಲಿತರೆಂದಲ್ಲ. ಎಎಂಡಿ ಕಂಪನಿಯು 2013ರಲ್ಲಿ ಬಿಟ್ಟ ರೇಡಿಯಾನ್ ಆರ್9 290ಎಕ್ಸ್ ಕಾರ್ಡು 95 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯುವುದನ್ನೇ ತನ್ನ ಸಹಜ ಸ್ಥಿತಿಯಾಗಿ ಇಟ್ಟುಕೊಂಡಿತ್ತು, ಅದರ ಫ್ಯಾನಿನ ಗರ್ಜನೆಯೂ ಆ ಬಿಸಿಗೆ ತಕ್ಕಂತೆಯೇ ಇತ್ತು. ಮರುವರ್ಷದ ಸುಮಾರಿಗೆ, ಕೆಲಸ ಹಗುರವಾಗಿರುವಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವ ಕಾರ್ಡುಗಳು ಬಂದವು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಕಾರ್ಡೊಂದೇ 450 ವಾಟು, ಅಂದರೆ ಆರು ಸಾಮಾನ್ಯ ಸೀಲಿಂಗ್ ಫ್ಯಾನುಗಳು ಕೂಡಿ ಉಣ್ಣುವಷ್ಟು ವಿದ್ಯುತ್ತನ್ನು, ಉಣ್ಣುತ್ತದೆ. ಅದರ ಮೈಮೇಲಿನ ಬಣ್ಣದ ದೀಪಗಳಿಗೆ ಬೇರೆ ಲೆಕ್ಕ. ಅವುಗಳ ಉಪಯೋಗವೇನೆಂದು ನನಗೆ ಇನ್ನೂ ಯಾರೂ ತಿಳಿಸಿಕೊಟ್ಟಿಲ್ಲ.

ಅಜ್ಜಯ್ಯನ ಮೊಮ್ಮಗನು ಕಡೆಗೆ ಕೈಹಾಕಿದುದು ಹವ್ಯಾಸಿಗಳಲ್ಲಿ ರೂಢಿಗೆ ಬಂದಿರುವ ಒಂದು ಶಸ್ತ್ರಚಿಕಿತ್ಸೆಗೆ. ಕಾರ್ಡನ್ನು ಹೊರತೆಗೆದು, ಹಳೆಯ ಪಂಚೆ ಹಾಸಿದ ಜಗಲಿಯ ಮೇಲೆ ಮಲಗಿಸಿ, ಪ್ಲಾಸ್ಟಿಕ್ಕಿನ ಹೊರಕವಚದ ಸ್ಕ್ರೂಗಳನ್ನು ಒಂದೊಂದಾಗಿ ತಟ್ಟೆಯಲ್ಲಿ ಕೂಡಿಟ್ಟು, ಕವಚವನ್ನೂ ಅದರ ಕಿರುಫ್ಯಾನುಗಳನ್ನೂ ಬಿಚ್ಚಿ ಬದಿಗಿಟ್ಟ. ಅನಾವೃತವಾದ ಅಲ್ಯುಮಿನಿಯಮ್ಮಿನ ರೆಕ್ಕೆಗಳ ನಡುವೆ ಕುಳಿತಿದ್ದ ನಮ್ಮ ಸೀಮೆಯ ಧೂಳೆಂದರೆ ಬರೀ ಧೂಳಲ್ಲ: ದೀಪದ ಹುಳುಗಳ ಉದುರಿದ ರೆಕ್ಕೆ, ಜೇಡನ ಬಲೆ, ಮಳೆಗಾಲದ ತೇವಕ್ಕೆ ಎಲ್ಲವೂ ಅಂಟಿ ಕಟ್ಟಿದ ಬೂದುಬಣ್ಣದ ಪದರು. ಬ್ರಷ್ಷಿನಿಂದ ಅದನ್ನು ತೆಗೆದ ಮೇಲೆ, 12 ಸೆಂಟಿಮೀಟರಿನ ಎರಡು ಫ್ಯಾನುಗಳನ್ನು ಪ್ಲಾಸ್ಟಿಕ್ ಟೈಗಳಿಂದ ರೆಕ್ಕೆಗಳ ಮೇಲೆ ಬಿಗಿದ. ಇಲ್ಲಿ ಒಂದು ತೊಡಕುಂಟು. ಕಾರ್ಡಿನ ಮೇಲಿರುವ ಫ್ಯಾನಿನ ಕನೆಕ್ಟರು ಮಾಮೂಲಿಗಿಂತ ಚಿಕ್ಕದು. ಹೊಸ ಫ್ಯಾನುಗಳನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಅದು ಸಾಮಾನ್ಯವಾಗಿ ಪ್ರೊಸೆಸರಿನ ಬಿಸಿಯನ್ನಷ್ಟೇ ನೋಡಿ ವೇಗವನ್ನು ನಿರ್ಣಯಿಸುವುದರಿಂದ, ಪಕ್ಕದ ಕಾರ್ಡು ಬೇಯುತ್ತಿದ್ದರೂ ಫ್ಯಾನು ನಿಶ್ಚಿಂತೆಯಿಂದ ತೂಕಡಿಸುತ್ತದೆ. ಪರಿವರ್ತಕ ತಂತಿಯೊಂದನ್ನು ಬೆಂಗಳೂರಿನಿಂದ ತರಿಸಿದ ಮೇಲೆಯೇ ಈ ಕಾರ್ಯ ಪೂರ್ತಿಯಾದುದು. ಕವಚ ಬಿಚ್ಚಿದ ಕಾರ್ಡಿಗೆ ಗ್ಯಾರಂಟಿ ಉಳಿಯದಿರಬಹುದೆಂಬುದನ್ನು ಮೊದಲೇ ಅರಿತು ಈ ಕೆಲಸಕ್ಕೆ ಇಳಿಯುವುದು ಒಳಿತು.

ಆದರೆ ಸ್ಕ್ರೂಡ್ರೈವರನ್ನು ಮುಟ್ಟದೆಯೇ ಸಾಧಿಸಬಹುದಾದ ಉಪಾಯಕ್ಕೆ ನನ್ನ ಮಟ್ಟಿಗೆ ಅಗ್ರಸ್ಥಾನ. ಚಿಪ್ ಉಣ್ಣುವ ವಿದ್ಯುತ್ತು ಅದರ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದು. ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಶೇಕಡ 10ರಷ್ಟು ತಗ್ಗಿಸಿದರೆ, ಲೆಕ್ಕಾಚಾರದ ಕೆಲಸಕ್ಕೆ ವ್ಯಯವಾಗುವ ವಿದ್ಯುತ್ತು ಶೇಕಡ 19ರಷ್ಟು ಇಳಿಯುತ್ತದೆ. ಕಾರ್ಖಾನೆಯವರು ತಮ್ಮ ಚಿಪ್‌ಗಳಲ್ಲಿ ಅತಿ ದುರ್ಬಲವಾದುದೂ ತಡವರಿಸದೆ ನಡೆಯಲೆಂದು ಎಲ್ಲಕ್ಕೂ ಸ್ವಲ್ಪ ಅಧಿಕ ವೋಲ್ಟೇಜನ್ನೇ ನಿಗದಿಪಡಿಸುವುದರಿಂದ, ಬಹುಪಾಲು ಕಾರ್ಡುಗಳು ಈ ಇಳಿತವನ್ನು ತಾಳಿಕೊಳ್ಳುತ್ತವೆ; ತಾಳದಿದ್ದರೆ ಆಟ ನಡುವೆ ನಿಂತುಹೋಗಿ ತಾನೇ ಸೂಚನೆ ಕೊಡುತ್ತದೆ, ಆಗ ಒಂದು ಮೆಟ್ಟಿಲು ಹಿಂದೆ ಸರಿದರಾಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ಸಿನ ಮೇಲೆ ದಿನ ಕಳೆಯಬೇಕಾದ ಊರಿನಲ್ಲಿ, ಬ್ಯಾಟರಿಯೂ ಇದರಿಂದ ಕೊಂಚ ಹೆಚ್ಚು ಹೊತ್ತು ಬಾಳುತ್ತದೆ.

ಇಷ್ಟೆಲ್ಲ ಆದ ಮೇಲೆ ಫ್ಯಾನಿನ ಮರೆಯಲ್ಲಿ ಅಡಗಿದ್ದ ಮತ್ತೊಂದು ಸದ್ದು ಹೊರಬರುವುದುಂಟು: ಕಾರ್ಡಿಗೆ ವಿದ್ಯುತ್ತನ್ನು ಹದಗೊಳಿಸುವ ತಂತಿಸುರುಳಿಗಳು ಪ್ರವಾಹದ ಏರಿಳಿತಕ್ಕೆ ಕಂಪಿಸಿ ಹೊರಡಿಸುವ ಸಣ್ಣ ಕೀಚುಧ್ವನಿ. ಎಳೆಯರ ಕಿವಿಗೆ ಇದು ಸ್ಪಷ್ಟ. ವಯಸ್ಸಾದಂತೆ ಎತ್ತರದ ಸ್ವರಗಳು ಕೇಳಿಸದಾಗುವುದರಿಂದ ಅಜ್ಜಯ್ಯನು ಇದರ ಬಗ್ಗೆ ದೂರಲಿಲ್ಲ. ಪರದೆಯು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲುದಾಗಿರುವಾಗ ಕಾರ್ಡು ಇನ್ನೂರು ಮುನ್ನೂರು ಚಿತ್ರಗಳನ್ನು ಬರೆದು ಚೆಲ್ಲುತ್ತಿರುತ್ತದೆ. ಆ ಸಂಖ್ಯೆಗೆ 60ರ ಮಿತಿಯನ್ನು ಹಾಕಿದರೆ ಕೀಚುಧ್ವನಿಯು ಬಹುಮಟ್ಟಿಗೆ ತಗ್ಗುತ್ತದೆ, ಜೊತೆಗೆ ಉಷ್ಣವೂ ಇಳಿಯುತ್ತದೆ. ಮೊಮ್ಮಗನು ಈ ಮಿತಿಯನ್ನು ಹಾಕಿಕೊಂಡದ್ದು ಮನೆಯವರಿಗಾಗಿ ಅಲ್ಲ, ತನ್ನದೇ ಕಿವಿಗಾಗಿ.